ಆಲೆಮನೆಗೆ ಹೋದ ಕಂಪ್ಯೂಟರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ಕಾಫಿಗೆ ಜೀವಮಾನವಿಡೀ ಸಕ್ಕರೆ ಬೀಳದಿರಲಿ. ಮಂಡ್ಯ ಸೀಮೆಯವನು ಇದಕ್ಕಿಂತ ದೊಡ್ಡ ಆಣೆ ಇಡಲಾರ.

ಮದ್ದೂರಿನ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಚಲುವರಾಜು ಒಂದು ದಿನ ಬೆಳಿಗ್ಗೆ ತನ್ನ ಕಂಪ್ಯೂಟರಿನ ಗುಂಡಿ ಒತ್ತಿದ. ಅದು ಏಳಲಿಲ್ಲ. ಆದದ್ದು ಇಷ್ಟೇ. ಮಿಕ್ಕದ್ದೆಲ್ಲ ಜನ ಮಾಡಿದ್ದು.

ಆ ಕಂಪ್ಯೂಟರಿನ ವಿಚಾರ ಸ್ವಲ್ಪ ಹೇಳಬೇಕು. ಮೂವತ್ತು ವರ್ಷಕ್ಕೂ ಹಳೆಯದು. ಮೌಸಿಲ್ಲ, ಬಣ್ಣವಿಲ್ಲ. ಕಗ್ಗತ್ತಲ ಪರದೆಯ ಮೇಲೆ ಹಸಿರು ಕನ್ನಡ ಅಕ್ಷರಗಳು ಒಂದೊಂದಾಗಿ ಮಿಂಚುಹುಳುಗಳ ಹಾಗೆ ಹುಟ್ಟುತ್ತಿದ್ದವು. ಒಂದು ಪದವನ್ನು ದಪ್ಪಕ್ಷರ ಮಾಡಬೇಕಾದರೆ ಒಂದು ಬೆರಳು ಈ ಮೂಲೆಗೆ, ಇನ್ನೊಂದು ಆ ಮೂಲೆಗೆ. ನಡುವೆ ಕಿರುಬೆರಳು ಜಾರಿದರೆ ಇಡೀ ಪುಟವೇ ಮಾಯ. ಆ ಬೆರಳಾಟ ಬಲ್ಲವನು ಚಲುವರಾಜು ಒಬ್ಬನೇ. ಅದರೊಳಗಿದ್ದ ಲಗ್ನಪತ್ರಿಕೆಯನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ವರನ ಹೆಸರಿದ್ದ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತಿದ್ದವು. ಹೆಣ್ಣಿನ ಕಡೆಯವರು ಅದನ್ನು ನೋಡಿದರೆ ಏನಾದೀತು ಹೇಳಿ.

ಜನರಿಗೆ ಅದರ ಮೇಲೆ ಭಕ್ತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ಅದರಲ್ಲಿ ಪತ್ರಿಕೆ ಮಾಡಿಸಿದ ಯಾವ ಮದುವೆಯೂ ಮುರಿದಿರಲಿಲ್ಲ. ಗಂಡ ಹೆಂಡತಿ ಮಾತು ಬಿಟ್ಟದ್ದುಂಟು, ಒಬ್ಬರನ್ನೊಬ್ಬರು ಬಿಟ್ಟದ್ದಿಲ್ಲ. ಹಾಗಾಗಿ ಬಸರಾಳಿನಿಂದ ಮಳವಳ್ಳಿಯವರೆಗೆ ಯಾರ ಮನೆಯಲ್ಲಿ ಮದುವೆಯಾದರೂ, ಊರಿಗೆ ಹಂಚುವ ಪತ್ರಿಕೆ ಎಲ್ಲಿ ಬೇಕಾದರೂ ಅಚ್ಚಾಗಲಿ, ಮನೆದೇವರ ಮುಂದಿಡುವ ಮೊದಲ ಪತ್ರಿಕೆ ಮಾತ್ರ ಇದರಿಂದಲೇ ಬರಬೇಕು. ಚಲುವರಾಜುವಿನ ಅಂಗಡಿ ಉಸಿರಾಡುತ್ತಿದ್ದದ್ದು ಈ ದೇವರ ಪತ್ರಿಕೆಗಳಿಂದ. ಬಾಕಿ ಕೆಲಸವೆಲ್ಲ ರಸ್ತೆಯಾಚೆ ಸುಹಾಸ್ ಎಂಬ ಹುಡುಗ ತೆರೆದಿದ್ದ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿಯಾಗಿತ್ತು.

ಆ ದಿನ ಬರಬೇಕಾಗಿದ್ದವರು ಆತಗೂರಿನ ಹೊಂಬಾಳಮ್ಮ. ಮೊಮ್ಮಗಳು ನಯನಳ ಮದುವೆ. ಮಾರನೆಯ ದಿನದಿಂದ ಧನುರ್ಮಾಸ, ಶುಭಕಾರ್ಯ ಆರಂಭಿಸುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಪತ್ರಿಕೆ ದೇವರ ಮುಂದಿರಬೇಕು. ಹೊಂಬಾಳಮ್ಮ ಒಂದು ಸಲ ರಸ್ತೆ ದಾಟಿ ಸುಹಾಸನ ಅಂಗಡಿ ಹೊಕ್ಕರೆ, ಆತಗೂರು ಹೋಬಳಿಗೆ ಹೋಬಳಿಯೇ ಹಿಂದೆ ದಾಟುತ್ತದೆ ಎಂಬುದು ಚಲುವರಾಜುವಿಗೆ ಗೊತ್ತಿತ್ತು.

ಅವನು ಪೆಟ್ಟಿಗೆಗೆ ಕಿವಿಯಿಟ್ಟ. ಒಳಗೆ ತಿರುಗಬೇಕಾದ ತಟ್ಟೆ ಚಳಿಗೆ ಕಚ್ಚಿಕೊಂಡಿತ್ತು. ದಿನವೂ ಎಡಗೆನ್ನೆಗೆ ಒಂದು ಬಿಟ್ಟರೆ ಏಳುತ್ತಿತ್ತು. ಅಂದು ಎರಡೂ ಕೆನ್ನೆಗೆ ಬಿಟ್ಟರೂ, ಸೊಸೆಯ ಮೇಲೆ ಮುನಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ ಅತ್ತೆಯ ಹಾಗೆ ಬಿದ್ದಿತ್ತು.

"ಚಳಿ ಕಣ್ಲಾ ಚಲುವ ಅದ್ಕೆ," ಎಂದ ಪಕ್ಕದ ಹೋಟೆಲಿನ ಸ್ವಾಮಿ, ಕೇಳದಿದ್ದರೂ ಒಳಗೆ ಬಂದು. "ತತ್ತಾ ಇಲ್ಲಿ. ನಮ್ಮ ಒಲೆ ಪಕ್ಕ ಮಡುಗು."

ವಡೆ ಬಾಣಲೆಯ ಪಕ್ಕದಲ್ಲಿ ಕಂಪ್ಯೂಟರನ್ನು ಕೂರಿಸಿದರು. ಬಿಸಿಯೇನೋ ತಾಗಿತು, ಜೊತೆಗೆ ಎಣ್ಣೆಯೂ ಸಿಡಿಯಿತು. ತಿಂಡಿಗೆ ಬಂದ ಒಬ್ಬರು ಅದರ ಮೇಲೆ ಚಟ್ನಿ ಬಟ್ಟಲಿಟ್ಟರು. ಇನ್ನೊಬ್ಬರು, "ಇದ್ಯಾವ ಹೊಸ ತಿಂಡಿ ಸ್ವಾಮಿ?" ಎಂದು ವಿಚಾರಿಸಿದರು. ಇನ್ನೇನು ವೈರು ಸಿಕ್ಕಿಸಬೇಕು, ಮದ್ದೂರಿಗೆ ಮದ್ದೂರೇ ಕರೆಂಟು ಹೋಯಿತು. ಲೈನು ರಿಪೇರಿ, ಸಂಜೆವರೆಗೆ ಬರುವುದಿಲ್ಲ ಎಂದು ಗೊತ್ತಾದಾಗ ಹೊಂಬಾಳಮ್ಮನ ಲಗೇಜ್ ಆಟೋ ಬಂದು ನಿಂತಿತು.

"ಯಾಕ್ಲಾ, ನಿನ್ನ ಕಂಪೂಟ್ರು ವಡೆ ತಿನ್ನಕ್ಕೆ ಬಂದದೇನ್ಲಾ?"

ಚಲುವರಾಜು ತಲೆ ತಗ್ಗಿಸಿ ಸಂಗತಿ ಹೇಳಿದ. ಸುಹಾಸ್ ರಸ್ತೆ ದಾಟಿ ಬಂದ. ಮರ್ಯಾದಸ್ಥರ ಮನೆಯ ಹುಡುಗ, ಮಾತು ಬೆಣ್ಣೆ.

"ಅಜ್ಜಿ, ನನ್ನ ಹತ್ರ ಯುಪಿಎಸ್ ಇದೆ. ಕೂತ್ಕೊಳಿ, ಕಾಫಿ ಕುಡಿಯೋದ್ರೊಳಗೆ ಬಣ್ಣದಲ್ಲೇ ತೆಗೆದುಕೊಡ್ತೀನಿ."

"ಬಣ್ಣ ಇರ್ಲಿ ಕಣಪ್ಪ. ನಿನ್ನ ಮಿಸಿನ್ನಲ್ಲಿ ಅಚ್ಚಾದ ಮದ್ವೆ ಎಷ್ಟು ವರ್ಸ ಬಾಳ್ಕೆ ಬತ್ತದೆ?"

ಸುಹಾಸ್ ಅಂಗಡಿ ತೆರೆದೇ ವರ್ಷವಾಗಿರಲಿಲ್ಲ.

ಹೊಂಬಾಳಮ್ಮ ಚಲುವರಾಜುವಿನ ಕಡೆ ತಿರುಗಿದರು. "ಕಾವು ತಾನೆ ಬೇಕು? ನಮ್ಮ ಆಲೆಮನೇಲಿ ಬೆಳಗಿಂದ ಒಲೆ ಉರೀತಾ ಅದೆ. ಪಂಪ್‌ಸೆಟ್ ಕರೆಂಟೂ ಅದೆ. ಎತ್ತಾಕ್ಲಾ ಆಟೋಗೆ."

ಕಂಪ್ಯೂಟರಿಗೆ ಹೊಂಬಾಳಮ್ಮನ ಕಂಬಳಿ ಹೊದಿಸಿ ಮಲಗಿಸಿದರು. ತಲೆಯ ಹತ್ತಿರ ಪ್ರಿಂಟರು, ಕಾಲಿನ ಹತ್ತಿರ ಅರಿಶಿನ ಕುಂಕುಮದ ಬುಟ್ಟಿ. ಚಲುವರಾಜು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿಕೊಳ್ಳುತ್ತಿದ್ದ. ದಾರಿಯಲ್ಲಿ ಒಬ್ಬ ರೈತ ಸೈಕಲ್ಲಿಳಿದು, ಟವೆಲು ತೆಗೆದು, ಮೆಲ್ಲಗೆ ಕೇಳಿದ:

"ಯಾವಾಗ ಓಗಿದ್ದಣ್ಣ?"

"ಇನ್ನೂ ಓಗಿಲ್ಲ ಕಣಣ್ಣ," ಎಂದ ಚಲುವರಾಜು. ಸುಹಾಸ್ ಕುತೂಹಲ ತಡೆಯಲಾರದೆ ಸ್ಕೂಟರಿನಲ್ಲಿ ಹಿಂದೆ ಹಿಂದೆ ಬಂದ. ನೋಡಿದವರು ಹತ್ತಿರದ ನೆಂಟನಿರಬೇಕು ಎಂದುಕೊಂಡರು.

ಆಲೆಮನೆಯಲ್ಲಿ ಕೊಪ್ಪರಿಗೆ ಕೊತಕೊತ ಕುದಿಯುತ್ತಿತ್ತು. ಹಬೆ ಹೆಂಚಿನವರೆಗೆ ಎದ್ದು ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಬೆಲ್ಲ ಆರಿಸುವ ಹಲಗೆಯ ಮೇಲೆ, ಒಲೆಯ ಕಾವು ಹದವಾಗಿ ತಾಗುವ ಕಡೆ, ಕಂಪ್ಯೂಟರನ್ನು ಇಟ್ಟರು. ಅಲ್ಲಿಂದ ಚಲುವರಾಜು ಬೇರೆಯೇ ಮನುಷ್ಯನಾದ.

"ಎಲ್ರೂ ಚಪ್ಲಿ ಆಚೆ ಬುಡಿ. ದೂಳು ಆಗಕಿಲ್ಲ ಇದ್ಕೆ. ಬೀಡಿ ಆರ್ಸಿ. ಯಾರೂ ಮಾತಾಡ್ಬ್ಯಾಡಿ, ಒಳಗಿನ ಸದ್ದು ಕೇಳ್ಬೇಕು ನಂಗೆ."

ಜನ ಚಪ್ಪಲಿ ಬಿಟ್ಟು ಬಂದು ಸಾಲಾಗಿ ನಿಂತರು. ಅವನು ಮುಚ್ಚಳ ತೆಗೆದ. ಸಣ್ಣ ಕುಂಚದಿಂದ ಒಳಗೆಲ್ಲ ಗುಡಿಸಿದ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಾರ್ಡುಗಳ ಒಂದೊಂದೇ ತಾಮ್ರದ ಹಲ್ಲನ್ನು ಒರೆಸಿದ. ಮುಚ್ಚಳ ಹಾಕಿ, ಕಣ್ಣು ಮುಚ್ಚಿ, ಎಡಗೆನ್ನೆಯ ಮೇಲೆ ಅಂಗೈ ಇಟ್ಟು ಕಾವು ಏರುವುದನ್ನು ಕಾದ. ಅವನ ತುಟಿ ಅಲ್ಲಾಡುತ್ತಿತ್ತು. ಅದು ಬೈಗುಳ, ಆದರೆ ಅಷ್ಟು ದೂರಕ್ಕೆ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ವೈರು ಸಿಕ್ಕಿಸಿ, ಗುಂಡಿ ಒತ್ತಿ, ಒಂದು ಏಟು ಬಿಟ್ಟ.

ಟಕ್ ಎಂದಿತು. ಕುಂಯ್ ಎಂದಿತು. ದೂರದಲ್ಲಿ ರೈಲು ಹತ್ತಿರವಾಗುವ ಹಾಗೆ ಸದ್ದು ಏರುತ್ತ ಏರುತ್ತ ಹೋಯಿತು. ಬಿಳಿ ಹಬೆಯ ನಡುವೆ ಹಸಿರು ಬೆಳಕು ಕಣ್ಣು ಬಿಟ್ಟಿತು. ಹಬೆಯೆಲ್ಲ ಎಳೆ ಪೈರಿನ ಬಣ್ಣಕ್ಕೆ ತಿರುಗಿ, ಅದರ ಮೇಲೆ ಕನ್ನಡದ ಅಕ್ಷರಗಳು ಯಾರ ಆಸರೆಯೂ ಇಲ್ಲದೆ ತೇಲಿದವು. ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಜಲ್ಲೆ ಹಿಡಿದುಕೊಂಡೇ ನಿಂತ. ಸುಹಾಸ್ ಕೂಡ ಬರಿಗಾಲಲ್ಲಿ, ಬಾಯಿ ತೆರೆದು ನಿಂತ. ಅವನ ಅಂಗಡಿಯ ಯಾವ ಯಂತ್ರವೂ ಅವನನ್ನು ಹೀಗೆ ನಿಲ್ಲಿಸಿರಲಿಲ್ಲ. ಪಾಕ ನೋಡುವ ಶಿವಯ್ಯ ಕೈಮುಗಿದ. ಎರಡೂ ಕೈ ಮುಗಿದ ಮೇಲೆ ಪಾಕ ಕದಡಲು ಕೈ ಉಳಿಯಲಿಲ್ಲ. ಕೊಪ್ಪರಿಗೆ ತಳ ಹಿಡಿದು ಕರಿ ಹೊಗೆ ಎದ್ದಿತು. ತನ್ನ ಆಲೆಮನೆಯಲ್ಲಿ ಒಂದು ಉಂಡೆ ಬೆಲ್ಲ ಒಡೆದರೂ ಊರು ಕೇಳುವಂತೆ ಬಯ್ಯುವ ಹೊಂಬಾಳಮ್ಮ, ಆ ಕಡೆ ತಿರುಗಿಯೂ ನೋಡಲಿಲ್ಲ.

ಚಲುವರಾಜುವಿನ ಬೆರಳುಗಳು ಕುಣಿದವು. ಪ್ರಿಂಟರು ಸಾವಿರ ಜೀರುಂಡೆ ಸೇರಿ ಮಂಗಳಾರತಿ ಹಾಡಿದ ಹಾಗೆ ಕಿರ್ರೋ ಎಂದು ಪತ್ರಿಕೆಯನ್ನು ಹೊರಗೆ ತಳ್ಳಿತು. ಹೊಂಬಾಳಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಮೂಲೆಗಳಿಗೆ ಅರಿಶಿನ ಹಚ್ಚಿದರು. ಅಂಗಡಿ ಉಳಿಯಿತು ಎಂದು ಚಲುವರಾಜುವಿನ ಎದೆ ಉಬ್ಬಿತು. ಉಬ್ಬಿದ ಎದೆಯಿಂದ ಒಂದು ಮಾತೂ ಹೊರಬಿತ್ತು.

"ನೋಡವ್ವ, ಮದ್ದೂರ್ನಲ್ಲಿ ಎಷ್ಟು ಒಡುದ್ರೂ ಕುಂಯ್ ಅನ್ನಲಿಲ್ಲ. ನಿಮ್ಮ ಜಾಗ ಬೇಕಾಗಿತ್ತು ಇದ್ಕೆ."

ಅವನು ವೈರು ಸುತ್ತಲು ಬಗ್ಗಿದ.

"ಕೈ ತಗೀಲಾ," ಎಂದರು ಹೊಂಬಾಳಮ್ಮ.

"ಯಾಕವ್ವ?"

"ನೀನೇ ಏಳ್ದಲ್ಲ. ಅಲ್ಲಿ ಏಳ್ದೇ ಇದ್ದೋಳು ಇಲ್ಲಿಗ್ ಬಂದು ಎದ್ದವ್ಳೆ. ಕಂಬ್ಳಿ ಒದ್ಕಂಡು, ಆಟೋ ಮಾಡ್ಕಂಡು, ಬರ್ಬೇಕು ಅಂತ್ಲೇ ಬಂದವ್ಳೆ. ಇನ್ನು ಎಲ್ಲಿಗೂ ಓಗಕಿಲ್ಲ."

"ಅವ್ವ, ಅದು ಮಿಸಿನ್ನು ಕಣವ್ವ."

"ಮಿಸಿನ್ ಮುಂದೆ ಯಾರ್ಲಾ ಚಪ್ಲಿ ಬುಡಿಸೋರು? ನೀನೇ ತಾನೆ ಬುಡಿಸ್ದೋನು?"

ಚಲುವರಾಜು ಸುತ್ತ ನೋಡಿದ. ಎಲ್ಲರೂ ಬರಿಗಾಲಲ್ಲಿದ್ದರು. ಶಿವಯ್ಯ ಆಗಲೇ ಕಂಪ್ಯೂಟರಿನ ನೆತ್ತಿಗೆ ಕುಂಕುಮವಿಟ್ಟು, ಅರಿಶಿನದ ದಾರ ಕಟ್ಟುತ್ತಿದ್ದ.

"ಅಂಗಾರೆ ಟೈಪು ಮಾಡಾದು ಎಂಗವ್ವ? ನನ್ ಅಂಗ್ಡಿ?"

"ಕೆನ್ನೆಗ್ ಒಡ್ದಿದ್ದು ಸಾಕು. ದೇವ್ರ ಮೈ ಮ್ಯಾಲೆ ಇನ್ನು ಯಾರೂ ಬೆರಳು ಕುಟ್ಟಂಗಿಲ್ಲ. ಬಾ, ಒಂದ್ ಲೋಟ ಕಬ್ಬಿನಾಲು ಕುಡ್ಕಂಡ್ ಓಗು."

ಕಬ್ಬಿನ ಹಾಲು ಕುಡಿದು, ಇನ್ನೊಂದು ಸಲ ಕೇಳಿ, ಇನ್ನೊಂದು ಲೋಟ ಕುಡಿದು, ಬಸ್ಸು ಹಿಡಿದು ಅವನು ಮದ್ದೂರಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಸುಹಾಸ್ ಸ್ಕೂಟರಿನಲ್ಲಿ ಎಷ್ಟೋ ಮುಂಚೆ ಬಂದು, ಕಂಡದ್ದನ್ನು ಕಂಡ ಹಾಗೆ ನಾಲ್ಕು ಜನಕ್ಕೆ ಹೇಳಿ, ಕೆಲಸಕ್ಕೆ ಕೂತಿದ್ದ. ಚಲುವರಾಜುವಿನ ಅಂಗಡಿಯ ಮೆಟ್ಟಿಲ ಮೇಲೆ ಮಳವಳ್ಳಿಯ ಶಿವರಾಜು ಕಾಯುತ್ತಿದ್ದ. ಅವನ ತಂಗಿಯ ಮದುವೆ. ಅವನಿಗೂ ದೇವರ ಪತ್ರಿಕೆ ಅಂದೇ ಆಗಬೇಕಿತ್ತು.

"ಬಾಣ್ಣ," ಎಂದ ಚಲುವರಾಜು, ಖಾಲಿ ಮೇಜನ್ನು ಬೆನ್ನಿನಿಂದ ಮರೆಮಾಡುತ್ತ. "ಪತ್ರಿಕೆಗೆ ಬಂದ್ಯಾ?"

"ಪತ್ರಿಕೆ ಆಯ್ತು. ಸುಹಾಸಪ್ಪ ಅಚ್ಚಾಕ್ಕೊಟ್ರು, ಬಣ್ಣದಲ್ಲಿ. ಆತಗೂರಲ್ಲಿ ಕಂಪೂಟ್ರಮ್ಮ ಎದ್ದವ್ಳಂತಲ್ಲ, ಕತ್ಲಾಗೋದ್ರೊಳಗೆ ಅಲ್ಲಿ ಒಂದ್ಸಲ ಮುಟ್ಟಿಸ್ಕಂಡ್ ಓದ್ರೆ ಸಾಕಂತೆ. ಆಲೆಮನೆ ದಾರಿ ನಿನಗೆ ಗೊತ್ತು ಅಂದ್ರು, ಅದ್ಕೇ ಕುಂತಿದ್ದೆ."

ಚಲುವರಾಜು ಮೆಟ್ಟಿಲ ಮೇಲೆ ಕೂತು, ಎಡಕ್ಕೆ ತಿರುಗಿ ನೇರ ಹೋಗುವುದೆಂದು ದಾರಿ ಹೇಳಿದ. ಹೇಳಿದ ಮೇಲೆ ಹೊಟ್ಟೆಯೊಳಗಿನದು ತಡೆಯಲಿಲ್ಲ.

"ಅಣ್ಣ, ನಿಜ ಏಳ್ತೀನಿ ಕೇಳು. ಅಮ್ಮನೂ ಅಲ್ಲ, ಗಿಮ್ಮನೂ ಅಲ್ಲ. ಅದು ನನ್ನ ಕಂಪೂಟ್ರು. ಚಳಿಗೆ ಒಳಗಿನ ತಟ್ಟೆ ಕಚ್ಕಂಡಿತ್ತು, ಅಷ್ಟೇಯ. ಯಾವ ಒಲೆ ಮುಂದೆ ಮಡುಗಿ ಬೆಚ್ಚಗೆ ಮಾಡಿ, ಎಡಗೆನ್ನೆಗೆ ಒಂದು ಬುಟ್ಟಿದ್ರೂ ಅದು..."

ಶಿವರಾಜುವಿನ ಬೈಕು ಆಗಲೇ ತಿರುವಿನಲ್ಲಿತ್ತು.