ಬಲೂನ್ ಒಡೆಯೋದೂ ಒಂದು ಗೇಮಾ?

ಇವತ್ತು ನಗಬಾರದು ಅಂತ ಶಟರ್ ಎತ್ತುವಾಗಲೇ ತೀರ್ಮಾನ ಮಾಡ್ಕೊಂಡು ಬರ್ತೀನಿ. ಅಂಗಡಿ ಓನರ್ ಅಂದ್ಮೇಲೆ ಸ್ವಲ್ಪ ಗಂಭೀರವಾಗಿ ಇರಬೇಕು ನೋಡಿ. ಆದರೆ ಮಧ್ಯಾಹ್ನದೊಳಗೆ ಏನಾದರೊಂದು ಆಗೇ ಆಗುತ್ತೆ, ನನ್ನ ಗಾಂಭೀರ್ಯ ಮೂರು ಕಾಸಿಗೆ ಹೋಗುತ್ತೆ.

ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ, ಒಂದು ಬೇಕರಿ ಮೇಲಿನ ಮಹಡಿಯಲ್ಲಿ ನನ್ನದೊಂದು ಗೇಮಿಂಗ್ ಪಾರ್ಲರ್. ಹತ್ತು ಕಂಪ್ಯೂಟರ್. ನಾಗರಬಾವಿ ಕಡೆ ಕಾಲೇಜು ಹುಡುಗರು ಕಿವಿಗೆ ಹೆಡ್‌ಫೋನ್ ಏರಿಸಿ ಅದರಲ್ಲಿ ಯುದ್ಧ ಮಾಡ್ತಾರೆ. ಬಾಗಿಲಿಗೆ ಎದುರು ಗೋಡೆಗೆ ಒಂದು ದೊಡ್ಡ ಟಿವಿ, ಅದರ ನೆತ್ತಿ ಮೇಲೆ ಒಂದು ಕ್ಯಾಮೆರಾ. ಮುಂದೆ ನಿಂತು ಬರಿಗೈ ಬೀಸಿದರೆ ಪರದೆ ಮೇಲೆ ಉದುರೋ ಬಲೂನುಗಳು ಒಡೀತವೆ. ಅಷ್ಟೇ ಆಟ. ಯುದ್ಧದ ಹುಡುಗರಿಗೆ ಆ ಬಲೂನ್ ಆಟ ಕಂಡರೆ ಮೈಯೆಲ್ಲ ಉರಿ.

ಜಗಳಕ್ಕೆ ಮೂರು ಸ್ಟಾರ್

ಆಟ ತಂದ ಹೊಸದು. ಒಂದು ಮನೆಯವರು ಬಂದು ಅಜ್ಜಿಯಿಂದ ಮೊಮ್ಮಗಳವರೆಗೆ ಧಿಮಿಧಿಮಿ ಕುಣಿದು ಹೋದರು. ಅವರು ಇಳಿದರೋ ಇಲ್ಲವೋ, ಕೆಳಗಿನ ಬೇಕರಿಯವರು ಮೈದಾ ಮೆತ್ತಿದ ಕೈಯಲ್ಲೇ ದಡದಡ ಹತ್ತಿ ಬಂದರು. ಬಂದವರು ನಿಂತಿದ್ದು ಸರಿಯಾಗಿ ಟಿವಿ ಮುಂದೆ.

"ಏನ್ ಸಾರ್ ಇದು! ನೀವಿಲ್ಲಿ ಹಾರಿದ್ರೆ ಅಲ್ಲಿ ನನ್ನ ಕೇಕ್ ಮೇಲೆ ಸುಣ್ಣ ಉದುರುತ್ತೆ! ಗಿರಾಕಿಗೆ ಏನಂತ ಹೇಳ್ಲಿ? ಐಸಿಂಗ್ ಅನ್ಲಾ?" ಅಂತ ಎಡಗೈ ಬೀಸಿದರು. ಬಲಗೈ ಬೀಸಿದರು. ಎರಡೂ ಕೈ ಎತ್ತಿ ದೇವರನ್ನೂ ಕರೆದರು.

ಬೆನ್ನ ಹಿಂದೆ ಟಪ್, ಟಪ್, ಟಪ್. ಆ ಕ್ಯಾಮೆರಾಕ್ಕೆ ಸಿಟ್ಟು, ಸಂತೋಷ ಒಂದೂ ತಿಳಿಯಲ್ಲ. ಅಲ್ಲಾಡಿದ್ದೆಲ್ಲ ಅದಕ್ಕೆ ಆಟಗಾರನೇ. ಕೊನೆಗೆ ಟಿವಿಯಿಂದ ಜೋರು ಚಪ್ಪಾಳೆ ಬಂತು. ಅವರು ತಿರುಗಿ ನೋಡಿದರು.

"ಇದೇನ್ ಸಾರ್ ಇದು?"

"ನಿಮ್ದೇ ಸಾರ್. ಮೂರು ಸ್ಟಾರ್. ಇವತ್ತಿಗೆ ನೀವೇ ಫಸ್ಟ್."

ಕೈಯಲ್ಲಿದ್ದ ಮೈದಾ ಒರೆಸ್ಕೊಂಡು ಇಳಿದು ಹೋದರು. ಭಾನುವಾರ ಕೈ ತೊಳ್ಕೊಂಡು, ತಲೆ ಬಾಚ್ಕೊಂಡು ಬಂದು ಬಾಗಿಲಲ್ಲಿ ನಿಂತರು. "ಸಾರ್, ಇನ್ನೊಂದು ವಿಷಯಕ್ಕೆ ಜಗಳ ಆಡೋದಿತ್ತು. ಮೆಷಿನ್ ಆನ್ ಇದ್ಯಾ?"

ಮೂವತ್ತೈದು

ನಮ್ಮ ಬೀದಿಯಲ್ಲೇ ರಿಟೈರ್ಡ್ ಲೆಕ್ಕದ ಟೀಚರ್ ಒಬ್ಬರಿದ್ದಾರೆ. ಅರ್ಧ ವಿಜಯನಗರಕ್ಕೆ ಅವರು 'ಮಿಸ್'. ಅವರಿಗೆ ಬಲ ಭುಜ ಹಿಡ್ಕೊಂಡು ಕೈ ಎದೆ ಮಟ್ಟ ದಾಟುತ್ತಿರಲಿಲ್ಲ. ದಿನಾ ಕೈ ಎತ್ತಿ ಇಳಿಸಿ ಅಂದಿದ್ದರಂತೆ ಡಾಕ್ಟರು. "ಮನೇಲಿ ಒಬ್ಬಳೇ ಗೋಡೆ ನೋಡ್ಕೊಂಡು ಕೈ ಎತ್ತೋಕೆ ಬೇಜಾರಪ್ಪ. ಆ ಬಲೂನ್ ಆದ್ರೂ ಒಡೀತೀನಿ" ಅಂತ ಬಂದರು.

ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಡೋಕೆ ನಿಂತರು. ಬೇಡ ಮಿಸ್, ಒಳಗೇ ಬನ್ನಿ ಅಂದೆ. "ನಾಲ್ಕು ಜನ ಏನೋ ಕಲಿಯೋ ಜಾಗ, ಚಪ್ಪಲಿ ಕಾಲಲ್ಲಿ ಬರ್ತಾರೇನೋ?" ಅಂತ ನನಗೇ ಗದರಿದರು. ಕಂಬಿ ಹಿಡಿದು, ಬಗ್ಗಿ, ಒಂದೊಂದೇ ಬಕಲ್ ಬಿಚ್ಚೋಕೆ ಅವರಿಗೆ ಐದು ನಿಮಿಷ. ದಿನಾ ಹಾಗೇ.

ಮೊದಲ ದಿನ ಹಲ್ಲು ಕಚ್ಚಿ ಆಡಿದರು. ಮೆಷಿನ್ ಮೂವತ್ನಾಲ್ಕು ಕೊಟ್ಟಿತು, ಕೆಳಗೆ ಕೆಂಪಕ್ಷರದಲ್ಲಿ ಫೇಲ್. ಮಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಒಂದೇ ಒಂದು ಮಾರ್ಕಿಗೆ ಎಷ್ಟು ಮಕ್ಕಳನ್ನ ಫೇಲ್ ಮಾಡಿದೀನೋ. ಅವರೆಲ್ಲ ಸೇರ್ಕೊಂಡೇ ಈ ಮೆಷಿನ್ ಮಾಡಿರ್ಬೇಕು!"

ಮೂರು ತಿಂಗಳಾದ ಮೇಲೆ ಒಂದು ದಿನ ಪುಟ್ಟ ಡಬ್ಬಿಯಲ್ಲಿ ಮಾವಿನ ಉಪ್ಪಿನಕಾಯಿ ತಂದುಕೊಟ್ಟರು. ಮೇಲಿನ ಶೆಲ್ಫಿನ ಜಾಡಿಯನ್ನ ಅವತ್ತು ತಾವೇ ಇಳಿಸಿದ್ದರಂತೆ. ಅಲ್ಲೇ ಒಂದು ಹೋಳು ಬಾಯಿಗೆ ಹಾಕ್ಕೊಂಡು ಮುಖ ಆ ಕಡೆ ತಿರುಗಿಸಿದೆ. ಖಾರಕ್ಕೆ ಅಂತ ಹೇಳಿ ತಪ್ಪಿಸಿಕೊಂಡೆ.

ಗೆದ್ದು ಬಿದ್ದ ವೀರ

ಯುದ್ಧದ ಹುಡುಗರಿಗೆ ಒಬ್ಬ ಲೀಡರ್, ಲಾ ಓದುವವನು. ಎಲ್ಲರೂ ಅವನನ್ನ ಕ್ಯಾಪ್ಟನ್ ಅಂತಾರೆ. ಮಾತು ಮಾತ್ರ ಹೈಕೋರ್ಟಿನದ್ದು.

"ಅಂಕಲ್, ಅದು ಗೇಮೇ ಅಲ್ಲ. ಸ್ಕಿಲ್ ಇಲ್ಲ, ಸ್ಟ್ರಾಟಜಿ ಇಲ್ಲ. ಸೊಳ್ಳೆ ಹೊಡೆಯೋದಕ್ಕೂ ಅದಕ್ಕೂ ಏನು ವ್ಯತ್ಯಾಸ?"

"ಸೊಳ್ಳೆ ಹೊಡೆಯೋಕೆ ಸ್ಕಿಲ್ ಬೇಡ್ವೇನೋ?" ಅಂದರು ಮಿಸ್, ಬಲೂನ್ ಒಡೀತಾನೇ.

ಅವತ್ತು ಕ್ಯಾಪ್ಟನ್ ಆರು ಗಂಟೆ ಹೊತ್ತು ಎದ್ದೇಳದೆ ಆಡಿ ದೊಡ್ಡ ಮ್ಯಾಚ್ ಗೆದ್ದ. "ಗೆದ್ವಿ ಮಗಾ!" ಅಂತ ಕುರ್ಚಿಯಿಂದ ಜಿಗಿದ. ಎರಡೂ ಕಾಲು ಜೋಮು ಹಿಡಿದಿದ್ದವು. ಲೋಕ ಗೆದ್ದ ವೀರ ಧೊಪ್ಪಂತ ನೆಲಕ್ಕೆ. ಮಿಸ್ ಓಡಿಬಂದು, ಆ ಹಿಡ್ಕೊಂಡಿದ್ದ ಬಲಗೈಯಲ್ಲೇ ಅವನನ್ನ ಎಳೆದು ಕೂರಿಸಿದರು. "ನನಗೆ ಭುಜ ಮಾತ್ರ ಕಣಪ್ಪ, ನಿನಗೆ ಸೊಂಟದಿಂದ ಕೆಳಗೆ ಪೂರ್ತಿ ಹೋಗಿದೆ. ನಾಳೆಯಿಂದ ನನ್ನ ಜೊತೆ ಬಲೂನ್ ಒಡೆಯೋಕೆ ಬಾ."

ಆಯುಧಪೂಜೆಯ ಪಂದ್ಯ

ಆ ಅವಮಾನ ಕ್ಯಾಪ್ಟನ್‌ಗೆ ಅರಗಲಿಲ್ಲ. ವಾರದಲ್ಲೇ ಹುಡುಗರನ್ನೆಲ್ಲ ಕಟ್ಟಿಕೊಂಡು ಬಂದ. "ಟೂರ್ನಮೆಂಟ್‌ಗೆ ಪ್ರಾಕ್ಟೀಸ್ ಮಾಡ್ಬೇಕು ಅಂಕಲ್. ಬಲೂನ್ ತೆಗ್ದು ಅಲ್ಲಿ ಎರಡು ಕಂಪ್ಯೂಟರ್ ಹಾಕಿ. ಇಲ್ಲಾಂದ್ರೆ ನಾವು ಬೇರೆ ಪಾರ್ಲರ್ ನೋಡ್ಕೋತೀವಿ."

ಅವರು ಹೋದರೆ ನನ್ನ ಅಂಗಡಿಯೇ ಹೋದ ಹಾಗೆ. ಇತ್ತ ಮಿಸ್ ಕೈ ಈಗಷ್ಟೇ ತಲೆ ದಾಟಿ ಮೇಲೆ ಹೋಗ್ತಿತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ. ವಿಷಯ ಕೇಳಿ ಮಿಸ್ಸೇ ದಾರಿ ಹೇಳಿದರು: "ಸ್ಕಿಲ್ ಬೇಡ ಅಂತಾನಲ್ಲ, ನನ್ನ ಜೊತೆ ಆಡ್ಲಿ. ಅವನು ಗೆದ್ರೆ ಮೆಷಿನ್ ತೆಗಿ, ನಾನು ಮನೇಲಿ ಗೋಡೆ ನೋಡ್ಕೊಂಡಿರ್ತೀನಿ. ನಾನು ಗೆದ್ರೆ ಅವನು ಬಾಯಿ ಮುಚ್ಕೊಂಡಿರ್ಲಿ." ಆಯುಧಪೂಜೆ ದಿನ ಅಂತ ಆಯ್ತು.

ಅವತ್ತು ಕೀಬೋರ್ಡು, ಮೌಸು ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಬಾಗಿಲಿಗೆ ಎರಡು ಬಾಳೆಕಂದು ಕಟ್ಟಿದೆ. ಮಾರೋನು ಕೊಸರಿಗೆ ಅಂತ ಕೊಟ್ಟಿದ್ದ ಮೂರನೇದನ್ನ ಟಿವಿ ಎದುರಿನ ಕಂಬಕ್ಕೆ ಕಟ್ಟಿದೆ. ಸಾಂಬ್ರಾಣಿ ಹೊಗೆ ಹೋಗಲಿ ಅಂತ ಫ್ಯಾನ್ ಫುಲ್ ಇಟ್ಟೆ.

ಕ್ಯಾಪ್ಟನ್ ತೋಳು ಮಡಿಸಿ, ಹೆಡ್‌ಫೋನ್ ಏರಿಸಿ ಕಂಬದ ಎಡಕ್ಕೆ ನಿಂತ. ಮೆಟ್ಟಿಲ ಕಡೆಯಿಂದ ಮಿಸ್ ದನಿ ಬಂತು: "ಬಂದೆ ಕಣೋ!" ಅದೇ ಹೊತ್ತಿಗೆ ಟಿವಿ ಬೀಪ್ ಅಂತು. 'ಇಬ್ಬರೂ ರೆಡಿ' ಅಂತ ತೋರಿಸಿತು. ಆಟ ಶುರು.

ನಾನು ಕಡ್ಲೆಪುರಿ ತಟ್ಟೆ ಹಿಡ್ಕೊಂಡು ಪರದೆಯನ್ನೇ ನೋಡ್ತಾ ನಿಂತೆ. ಹುಡುಗರೂ ಅಷ್ಟೇ. ಟಿವಿ ಓಡ್ತಿದ್ರೆ ನಮ್ಮ ಜನ ಪಕ್ಕದಲ್ಲಿರೋರನ್ನ ಎಲ್ಲಿ ನೋಡ್ತಾರೆ? ಕ್ಯಾಪ್ಟನ್ ಲೆಕ್ಕ ಹಾಕಿ, ಸಮಯ ನೋಡಿ, ನಾಜೂಕಾಗಿ ಒಂದೊಂದೇ ಬಲೂನ್ ಒಡೀತಿದ್ದ. ಎರಡನೇ ಆಟಗಾರರದ್ದು ಮಾತ್ರ ಟಪಟಪಟಪ, ಬಿಡುವೇ ಇಲ್ಲ.

"ಗುರು, ಮಿಸ್ ಬೆಂಕಿ ಕಣೋ!" ಅಂತ ಒಬ್ಬ ಕೂಗಿದ. ನನ್ನ ಕಣ್ಣಲ್ಲಿ ನೀರೇ ಬಂತು. ಮೂವತ್ನಾಲ್ಕಕ್ಕೆ ಫೇಲಾದ ಭುಜವಾ ಇದು!

ಆಟ ಮುಗೀತು. ಕ್ಯಾಪ್ಟನ್‌ಗೆ ಎಪ್ಪತ್ತೊಂದು. ಎರಡನೇ ಆಟಗಾರರಿಗೆ ತೊಂಬತ್ತೆಂಟು, ಮೂರು ಸ್ಟಾರ್, ಚಪ್ಪಾಳೆ.

ಹುಡುಗ ಒಳ್ಳೆಯವನು, ಸೋಲನ್ನ ಸೋಲು ಅಂದ. ಹೆಡ್‌ಫೋನ್ ತೆಗೆದು, ತಲೆ ತಗ್ಗಿಸಿ ಹೇಳಿದ: "ಸಾರಿ ಮಿಸ್. ಸುಮ್ನೆ ಕೈ ಬೀಸೋದು ಅನ್ಕೊಂಡಿದ್ದೆ. ನಿಮ್ಮ ಟೆಕ್ನಿಕ್ಕೇ ಬೇರೆ. ಟೆನ್ಷನ್ ಇಲ್ಲ, ಆತುರ ಇಲ್ಲ, ಒಂದು ಸೆಕೆಂಡೂ ನಿಲ್ಲಿಸ್ಲಿಲ್ಲ ನೀವು. ಇದಕ್ಕೂ ಸ್ಕಿಲ್ ಬೇಕು, ಒಪ್ಕೊಂಡೆ. ಮೆಷಿನ್ ಇಲ್ಲೇ ಇರ್ಲಿ." ಕೈ ಕುಲುಕೋಕೆ ಅಂತ ಬಲಕ್ಕೆ ಕೈ ಚಾಚಿದ. ಕೈಗೆ ಬಾಳೆ ಎಲೆ ಸಿಕ್ಕಿತು.

ಫ್ಯಾನ್ ಗಾಳಿಗೆ ಬಾಳೆಕಂದು ಇನ್ನೂ ತೂಗಾಡ್ತಾನೇ ಇತ್ತು. ಆಗ ಬಾಗಿಲಾಚೆಯಿಂದ ಮಿಸ್ ಕೂಗಿದರು:

"ಸ್ವಲ್ಪ ತಾಳಪ್ಪಾ, ಶುರು ಮಾಡ್ಬೇಡ! ಇನ್ನೊಂದು ಚಪ್ಪಲಿ ಬಿಚ್ಚಿ ಬಂದೆ!"