ಜೋಕ್ ಹೇಳಿ ಕೆಲಸಾ ಶುರು ಮಾಡ್ರಿ

ಮೂರ ಮಂದಿ ಇರೋ ಆಫೀಸಿನ್ಯಾಗ ಅಂಥಾದ್ದೇನ ಆಗತೈತಿ ಅಂತ ಕೇಳಬ್ಯಾಡ್ರಿ. ನಮ್ಮಲ್ಲಿ ಒಂದೊಂದಿನ ಚಾ ಬರೂದು ತಪ್ಪತಿತ್ತು, ಫಜೀತಿ ಮಾತ್ರ ತಪ್ಪತಿರಲಿಲ್ಲ.

ಆಗಿನ್ನೂ ಹಳ್ಳ್ಯಾಗ ಕಂಪ್ಯೂಟರ್ ಅಂದ್ರ ಮಂದಿ ಟಿವಿ ಅನ್ನತಿದ್ರು. ರಾಣೇಬೆನ್ನೂರಾಗ ಒಂದು ಬೀಜದ ಅಂಗಡಿ ಮ್ಯಾಲಿನ ಖೋಲಿನ ನಮ್ಮ ಆಫೀಸು. ಬ್ಯಾಡಗಿಯೊಳಗ ರೈತರ ಮೆಣಸಿನಕಾಯಿ ಲಿಲಾವು ಮಾಡಿಸೋ ಒಂದು ಅಡತಿ ಅಂಗಡಿಗೆ, ಯಾವ ಲಾಟು ಯಾವ ಖರೀದಿದಾರಗ ಹೋತು ಅಂತ ತೋರಸೋ ಸಾಫ್ಟ್‌ವೇರ್ ಮಾಡಾಕತ್ತಿದ್ವಿ. ಹಿರಿಯಾಕಿ ನಾನು. ಕೈಕೆಳಗ ಇಬ್ಬರು ಹುಡುಗರು. ಪರದೆ ಮ್ಯಾಲ ಕಾಣೂದೆಲ್ಲಾ ಹಾವೇರಿ ಹುಡುಗನ ಕೆಲಸ, ಅದರ ಹಿಂದ ನಡಿಯೂದೆಲ್ಲಾ ಗುತ್ತಲದ ಹುಡುಗಂದು. ಗುತ್ತಲದಾಂವ ಒಮ್ಮೆ ತಿಳೀದ ಹಾವೇರಿಯಾಂವ ಬರದದ್ದನ್ನ ಅಳಿಸಿಬಿಟ್ಟ. ಅವತ್ತಿನಿಂದ ಇಬ್ಬರಿಗೂ ಮಾತು ಬಂದ್.

ಹುಬ್ಬಳ್ಳಿಯೊಳಗಿದ್ದ ನಮ್ಮ ಸಾಹೇಬ್ರು ಖಡಕ್ ಹೇಳಿದ್ರು, "ಅಡತಿಯವರು ಇದನ್ನ ಒಪ್ಪಲಿಲ್ಲ ಅಂದ್ರ ಆ ಆಫೀಸ್ ಮುಚ್ಚತೇವಿ. ಎಲ್ಲಾರೂ ಹುಬ್ಬಳ್ಳಿಗೆ ಬರ್ರಿ." ನನಗೋ ಮನಿಯಾಗ ಸಣ್ಣ ಕೂಸು, ಹಾಸಿಗಿ ಹಿಡಿದ ಅತ್ತಿ. ಹುಬ್ಬಳ್ಳಿ ಅಂದ್ರ ನೌಕರಿ ಬಿಟ್ಟಂಗ. ಇವರಿಬ್ಬರ ಉಬ್ಬಿದ ಮಾರಿ ನೋಡಿದಾಗೆಲ್ಲಾ ಹುಬ್ಬಳ್ಳಿ ಬಸ್ಸ ಕಣ್ಣ ಮುಂದ ಬಂದು ನಿಲ್ಲತಿತ್ತು.

ಟೋಪಿ ತೆಗೆದ ಮಾಲಕರು

ಸಾಹೇಬ್ರು ಹೊಸಾ ಪದ್ಧತಿ ತಂದ್ರು. ದಿನಾ ಮುಂಜಾನೆ ಎಲ್ಲಾರೂ ನಿಂತು ಮೀಟಿಂಗ್ ಮಾಡಬೇಕು. ನಿನ್ನೆ ಏನ ಮಾಡಿದೆ, ಇವತ್ತ ಏನ ಮಾಡತೇನಿ, ಅಡ್ಡಿ ಏನೈತಿ, ಇಷ್ಟ ಹೇಳೂದು. ಕುಂತ್ರ ಮಾತು ಉದ್ದ ಆಗತಾವಂತ.

ಮೊದಲನೇ ದಿನ ನಿಂತ್ವಿ. ಇಬ್ಬರೂ ತಲಿ ಬಗ್ಗಿಸಿ ನೆಲಾ ನೋಡಾಕತ್ತಾರ. ಅಷ್ಟರಾಗ ಕೆಳಗಿನ ಬೀಜದಂಗಡಿ ಮಾಲಕರು ಮ್ಯಾಲ ಬಂದ್ರು. ನಮ್ಮನ್ನ ನೋಡಿದ ಕೂಡಲೇ ಚಪ್ಪಲಿ ಬಾಗಲದಾಗ ಬಿಟ್ಟು, ಟೋಪಿ ತೆಗೆದು ಕೈಯಾಗ ಹಿಡಕೊಂಡು ತಾವೂ ತಲಿ ಬಗ್ಗಿಸಿ ನಿಂತ್ರು. ಸ್ವಲ್ಪ ಹೊತ್ತಾದ ಮ್ಯಾಲ ಮೆಲ್ಲಕ ಕೇಳಿದ್ರು, "ಯಾರು ಹೋದ್ರವಾ?"

"ಯಾರೂ ಹೋಗಿಲ್ರೀ ಕಾಕಾ. ಇದು ಮೀಟಿಂಗು."

"ಹೌದಾ? ಇವರಿಬ್ಬರ ಮಾರಿ ನೋಡಿದ್ರ ಮಣ್ಣಿಗೆ ಹೋಗಿ ಬಂದಂಗ ಐತಿ. ನಾ ಚಾಕ್ಕ ಕರಿಯಾಕ ಬಂದಿದ್ದೆ, ಎಲ್ಲಿ ಸೂತಕ ಅಂತೀರೋ ಅಂತ ಸುಮ್ಮನ ನಿಂತೆ ನೋಡು" ಅಂದ್ರು.

ಬಾಜೂಕ ಕುಂತಾಂವ

ಇಬ್ಬರ ನಡುವಿನ ಟಪಾಲು ನಾನ ಆಗಿಬಿಟ್ಟಿದ್ದೆ. ಹಾವೇರಿಯಾಂವ, "ಅಕ್ಕಾರ, ಅವಂಗ ಹೇಳ್ರಿ, ಹೆಸರು ಬರಿಯೂ ಜಾಗಾ ಸಣ್ಣದಾತು ಅಂತ." ಅದಕ್ಕ ಗುತ್ತಲದಾಂವ, "ಅಕ್ಕಾರ, ಇವಂಗ ಹೇಳ್ರಿ, ಜಾಗಾ ಬರೋಬ್ಬರಿ ಐತಿ, ಇವನ ಅಕ್ಷರಾನ ಡೊಣ್ಣಿ ಹಂಗ ಅದಾವ ಅಂತ." ನನಗ ತಲಿ ಚಿಟ್ಟ ಹಿಡಿದುಹೋತು.

ಒಂದಿನ ಮಧ್ಯಾಹ್ನ ಊಟಕ್ಕ ಮನಿಗೆ ಹೋಗಿದ್ದೆ. ತುತ್ತು ಬಾಯಿಗಿಡೂದಕ್ಕ ಫೋನ್ ಬಡೀತು. ಹಾವೇರಿ ಹುಡುಗ. "ಅಕ್ಕಾರ, ಅವಂಗ ಸ್ವಲ್ಪ ಫ್ಯಾನ್ ಸಣ್ಣ ಮಾಡು ಅಂತ ಹೇಳ್ರಿ."

"ಎಲ್ಲಿದ್ದಾನೋ ಅಂವ?"

"ಇಲ್ಲೇ ನನ್ನ ಬಾಜೂಕ ಕುಂತಾನ್ರಿ."

ಜೋಕಿನ ಪಾಳಿ

ಸಿಟ್ಟು ನೆತ್ತಿಗೇರಿ ಸಾಹೇಬ್ರಿಗೆ ಎಲ್ಲಾ ಹೇಳಿದೆ. ಅವರಂದ್ರು, "ನಕ್ಕೋತ ಕೆಲಸಾ ಮಾಡಿದ್ರ ಟೀಮ್ ಕೂಡತೈತ್ರಿ. ನಾಳಿಂದ ದಿನಾ ಒಬ್ಬೊಬ್ಬರು ಒಂದು ಜೋಕ್ ಹೇಳಿ ಮೀಟಿಂಗ್ ಶುರು ಮಾಡ್ರಿ." ನಗೂದಕ್ಕೂ ಹುಕುಂ! ಏನ ಕಾಲ ಬಂತು!

ಮೊದಲನೇ ಪಾಳಿ ಗುತ್ತಲದ ಹುಡುಗಂದು. ಪಾಪ, ಹುಟ್ಟಾ ಗಂಭೀರ. ಕೈಕಟ್ಟಿ ನಿಂತು ಒಪ್ಪಿಸಿದ, "ನಿನ್ನೆ ಒಂದು ಜೋಕ್ ಓದಿದೆ. ಇವತ್ತ ಅದನ್ನ ಹೇಳತೇನಿ. ಅಡ್ಡಿ ಏನಂದ್ರ, ಕಡೀಕ ಏನಾತು ಅನ್ನೂದು ಮರತೇನಿ."

ನಾನು ಬಿದ್ದು ಬಿದ್ದು ನಕ್ಕೆ. ಹಾವೇರಿಯಾಂವಗೂ ನಗಿ ಬಂತು. ಆದ್ರ ಸೋಲಬಾರದಲಾ, ಕೆಮ್ಮು ಬಂದಂಗ ಮಾಡಿ ಹೊರಗ ಓಡಿಹೋಗಿ, ಪಾವಟಿಗಿ ಮ್ಯಾಲ ಕುಂತು ಒಬ್ಬಾವನ ನಕ್ಕು ಬಂದ.

ಬ್ಯಾಡಗಿಯೊಳಗ ಗೆದ್ದವರು

ಕಡೀಗೂ ಸಾಫ್ಟ್‌ವೇರ್ ತೋರಸೋ ದಿನ ಬಂತು. ಬ್ಯಾಡಗಿ ಅಡತಿ ಅಂಗಡ್ಯಾಗ ಗಾದಿ ಮ್ಯಾಲ ಸಾವಕಾರ್ರು, ಸುತ್ತಲೂ ಖರೀದಿದಾರರು, ಹೊರಗ ಮೆಣಸಿನಕಾಯಿ ಚೀಲದ ಒಟ್ಟಲು. ಘಾಟಿಗೆ ಮೂರೂ ಮಂದಿ ಸೀನಾಕತ್ತಿದ್ವಿ. ಕದರಮಂಡಲಗಿ ಹನುಮಪ್ಪಗ ಮನಸಿನ್ಯಾಗ ಕೈ ಮುಗದೆ.

ಹಾವೇರಿ ಹುಡುಗ ಕಂಪ್ಯೂಟರಿನ ಗುಂಡಿ ಒತ್ತಿದ. ಸಾವಕಾರ್ರು ಮೂಗಿನ ಮ್ಯಾಲ ಚಾಳೀಸು ಏರಿಸಿ ಗಟ್ಟಿಯಾಗಿ ಓದಿದ್ರು, "ಈ ಲಾಟು ಗೆದ್ದವರು... ಗುತ್ತಲ ಕೋಣ ಟ್ರೇಡರ್ಸ್."

ನನ್ನ ಜೀವ ಬಾಯಿಗೆ ಬಂತು. ಕೆಲಸಾ ಬರೋಬ್ಬರಿ ನಡೀತೈತೋ ಇಲ್ಲೋ ನೋಡಾಕ ಹುಡುಗರು ಸುಳ್ಳು ಹೆಸರು ತುಂಬಿರತಾರ. ಸಿಟ್ಟಿನ ಕೈಲೆ ಹಾವೇರಿಯಾಂವ ತುಂಬಿದ್ದು ಇದು! ತೆಗಿಯೂದು ಮರತಿದ್ದ.

"ಯಾರಪಾ ಇವರು? ನಮ್ಮ ಪ್ಯಾಟ್ಯಾಗ ಈ ಹೆಸರು ಕೇಳಿಲ್ಲಲಾ" ಅಂದ್ರು ಸಾವಕಾರ್ರು.

ಗುತ್ತಲದ ಹುಡುಗ ಮೆಲ್ಲಕ ಕೈ ಎತ್ತಿದ. "ನಾನರೀ."

ಹಾವೇರಿಯಾಂವ ಗಾಬರಿಬಿದ್ದು ಲಗೂನ ಮುಂದಿನ ಲಾಟಿಗೆ ಗುಂಡಿ ಒತ್ತಿದ. ಅಲ್ಲಿ ಬಂತು, "ಹಾವೇರಿ ಮಂಗ್ಯಾ ಅಂಡ್ ಸನ್ಸ್." ಅದು ಗುತ್ತಲದಾಂವ ತುಂಬಿದ್ದು.

"ಇವರು?"

"ಅದು... ನಾನರೀ" ಅಂದ ಹಾವೇರಿಯಾಂವ.

ಸಾವಕಾರ್ರು ಚಾಳೀಸಿನ ಮ್ಯಾಲಿಂದ ಅವನ್ನ ನೋಡಿದ್ರು. "ಲಗ್ನ ಆಗೇತೇನು?"

"ಇಲ್ರಿ."

"ಮತ್ತ ಸನ್ಸ್ ಎಲ್ಲಿಂದ ಬಂದ್ರೋ?"

ಗುತ್ತಲದ ಹುಡುಗ ಹೊಟ್ಟಿ ಹಿಡಕೊಂಡು ನಕ್ಕ. ಹಾವೇರಿಯಾಂವ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ತಾನೂ ನಕ್ಕ. ನಗಿ ಒಂದು, ಸೀನು ಒಂದು, ಕಣ್ಣಾಗ ನೀರು ಒಂದು. ಅಂಗಡಿಗೆ ಅಂಗಡಿನ ನಗಾಕತ್ತಿತು. ನಾ ಒಬ್ಬಾಕಿನ ಅಳೂದೊಂದು ಬಾಕಿ.

ಸಾವಕಾರ್ರು ಕಣ್ಣು ಒರಸಿಕೊಂಡು ಅಂದ್ರು, "ಕೋಣಾದ್ರೇನು, ಮಂಗ್ಯಾ ಆದ್ರೇನು, ಲಾಟು ಯಾರಿಗೆ ಹೋತು ಅನ್ನೂದು ಥಟ್ಟನ ಕಾಣತೈತಿ. ನಾವು ಇದನ್ನ ಇಟಗೋತೇವಿ. ಆದ್ರ ಒಂದು ಬದಲ ಆಗಬೇಕು."

ಉಳಿದ ಜೀವ ಮತ್ತ ಹಾರಿತು. "ಏನರೀ ಅದು?" ಅಂದೆ.

ಸಾವಕಾರ್ರು ಬಾಗಲದ ಕಡೆ ಒಮ್ಮೆ ನೋಡಿ, ದನಿ ಸಣ್ಣ ಮಾಡಿ ಕೇಳಿದ್ರು, "ಖರೀದಿಗೆ ಬರೋ ಎದರಿನ ಅಂಗಡಿಯಾಂವಗೂ ಇಂಥಾದ್ದೊಂದು ಹೆಸರು ಹಾಕಾಕ ಬರತೈತೇನವಾ? ನಮಗಷ್ಟ ಕಾಣಬೇಕು, ಅವಂಗ ಕಾಣಬಾರದು."

ನಾ ಬಾಯಿ ತೆಗಿಯೂದರಾಗ ಕೋಣ, ಮಂಗ್ಯಾ ಇಬ್ಬರೂ ಹೆಗಲ ಮ್ಯಾಲ ಕೈ ಹಾಕ್ಕೊಂಡು ಒಂದ ದನಿಲೆ ಒದರಿದ್ರು, "ನಾವು ಕೂಡೇ ಮಾಡಿಕೊಡತೇವ್ರೀ!"