ನಲವತ್ತೊಂದಕ್ಕೆ ನಲವತ್ತೊಂದು!

ಈ ವರ್ಷ ನಮ್ಮ ಶಾಲೆಯ ಒಂಬತ್ತನೇ ತರಗತಿಯನ್ನು ಆಕಾಶಕ್ಕೆ ಏರಿಸಿಯೇ ಬಿಡುತ್ತೇನೆ ಎಂದು ಜೂನ್ ತಿಂಗಳ ಮೊದಲ ಸೋಮವಾರ ಘೋಷಿಸಿದೆ. ಆಕಾಶ ಎಂದರೆ ಆನ್‌ಲೈನ್! ನಾನು ಮಹಾಂತೇಶ, ಗಣಿತದ ಮಾಸ್ತರ. ಮನೆ ಇಳಕಲ್ಲಿನಲ್ಲಿ, ಶಾಲೆ ಗುಡೂರಿನ ಆಚೆಗಿನ ಒಂದು ಹಳ್ಳಿಯಲ್ಲಿ. ಹಳ್ಳಿಯ ಹೆಸರು ಬೇಡ. ಹೋಗುವ ಮಾನ ನನ್ನೊಬ್ಬನದೇ ಹೋಗಲಿ.

ವ್ಯವಸ್ಥೆ ಇಷ್ಟೇ. ವಾರಕ್ಕೊಂದು ಪಾಠದ ವಿಡಿಯೋ ನಾನು ಹಾಕಬೇಕು. ಮಕ್ಕಳು ಮನೆಯಲ್ಲಿ ತಮ್ಮ ಹೆಸರು, ಪಾಸ್‌ವರ್ಡ್ ಹಾಕಿ ಒಳಗೆ ಬಂದು ಅದನ್ನು ನೋಡಬೇಕು, ಹತ್ತು ಪ್ರಶ್ನೆಗೆ ಉತ್ತರಿಸಬೇಕು. ಯಾರು ಬಂದರು, ಎಷ್ಟು ಅಂಕ, ಎಲ್ಲ ನನ್ನ ಮೊಬೈಲಿನಲ್ಲಿ ಕಾಣುತ್ತದೆ. ನಲವತ್ತೊಂದು ಮಕ್ಕಳಿಗೂ ನಾನೇ ಪಾಸ್‌ವರ್ಡ್ ಮಾಡಿ, ಚೀಟಿ ಹಂಚಿ, ಎಲ್ಲವನ್ನೂ ಒಂದು ನೋಟಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಮೊದಲ ವಾರ ಬಂದವರು ಸೊನ್ನೆ. ಎರಡನೇ ವಾರವೂ ಸೊನ್ನೆ. ನಾನು ಊಟ ಬಿಟ್ಟು ಮೊಬೈಲ್ ಹಿಡಿದು ಕೂತೆ.

"ಸೊನ್ನೀನ ಎಷ್ಟ ಸಲ ನೋಡಿದ್ರೂ ಸೊನ್ನೀನ ಇರ್ತೈತ್ರಿ. ರೊಟ್ಟಿ ಆರಾಕತ್ತಾವು," ಎಂದಳು ಹೆಂಡತಿ ಜಯಶ್ರೀ.

"ನಿನಗ ಇದೆಲ್ಲಾ ತಿಳಿಯೂದಿಲ್ಲ, ಬಿಡು!"

ಮೂರನೇ ವಾರ ಪವಾಡ! ಸೋಮವಾರ ಏಳು ಮಂದಿ, ಮಂಗಳವಾರ ಹದಿನಾಲ್ಕು, ಶನಿವಾರದ ಹೊತ್ತಿಗೆ ನಲವತ್ತೊಂದಕ್ಕೆ ನಲವತ್ತೊಂದು! ಮುಂದಿನ ವಾರಗಳಲ್ಲೂ ಹಾಗೇ. ಸ್ಟಾಫ್‌ರೂಮಿನಲ್ಲಿ ನನ್ನ ನಡಿಗೆಯೇ ಬದಲಾಯಿತು. ಮುಖ್ಯೋಪಾಧ್ಯಾಯಿನಿ ನರ್ಗೀಸ ಮೇಡಂ ಹೆಮ್ಮೆಯಿಂದ ತಾಲೂಕು ಶಿಕ್ಷಣ ಕಚೇರಿಗೆ ಪತ್ರ ಬರೆದರು. ನಾನು ಅಂಕಗಳ ಪಟ್ಟಿ ಹಿಡಿದು ತರಗತಿಯಲ್ಲಿ ಶಾಹಿದನನ್ನು ಎಬ್ಬಿಸಿದೆ.

"ಏನಲೇ ಶಾಹಿದ, ಹತ್ತಕ್ಕ ಮೂರು? ಮನ್ಯಾಗ ಮನಸಿಟ್ಟ ನೋಡಾಕ ಏನ್ ಧಾಡಿ ನಿನಗ?"

ಹುಡುಗನ ಕಣ್ಣಲ್ಲಿ ನೀರು ತುಂಬಿತು. ನಾಚಿಕೆ ಇರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ.

ಆಗಸ್ಟಿನಲ್ಲಿ ತಾಲೂಕಿನಿಂದ ರಾಜಕುಮಾರ ಸಾಹೇಬರು ಬಂದರು, ನನಗೆ ಹೊದಿಸಲು ಶಾಲು ಸಮೇತ! ತರಗತಿಗೆ ಬಂದವರು ಶಾಹಿದನನ್ನೇ ಕೇಳಬೇಕೆ?

"ಆನ್‌ಲೈನ್ ಪಾಠ ಹೆಂಗದಾವಪಾ?"

"ನಾ ನೋಡಿಲ್ರಿ ಸರ್."

"ಮತ್ತ ನಿನ್ನ ಹೆಸರ್ಲೆ ಮಾರ್ಕ್ಸ್ ಅದಾವಲ್ಲ?"

"ಅವು ಹೆಂಗ ಬಂದಾವೋ ಗೊತ್ತಿಲ್ರಿ. ನಮ್ಮ ಮನ್ಯಾಗ ಇರೂದ ಒಂದ ಫೋನು. ಅದನ್ನ ಅಪ್ಪ ಕಲ್ಲ ಪಾಲಿಶ್ ಕೆಲಸಕ್ಕ ಒಯ್ತಾನ್ರಿ. ಸರ್ ಸಿಟ್ಟಾಗ್ತಾರಂತ ಹೇಳಲಿಲ್ರಿ."

ಪಾಠ ನೋಡಿದವರು ಕೈ ಎತ್ತಿ ಎಂದರು ಸಾಹೇಬರು. ಒಂದು ಕೈಯೂ ಏಳಲಿಲ್ಲ. ಶಾಲು ಮತ್ತೆ ಚೀಲ ಸೇರಿತು.

"ಸುಳ್ಳು ಹಾಜರಿ ಅಂದ್ರ ಸಣ್ಣ ಮಾತಲ್ಲ ಮಾಸ್ತರ. ನಾಳೆ ಬರದು ಕೊಡ್ರಿ," ಎಂದು ಹೊರಟರು.

"ನೀವ ಮಾಡಿದ್ರ ನನಗರೆ ಹೇಳಿಬಿಡ್ರಿ," ಎಂದು ನರ್ಗೀಸ ಮೇಡಂ ಮೆಲ್ಲಗೆ ಕೇಳಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದು ಕುಸಿದೆ. "ನೌಕರಿ ಹೋತು! ಯಾರೋ ನನ್ನ ಮ್ಯಾಲ ಹಗೆ ಸಾಧಿಸ್ಯಾರ!"

ಜಯಶ್ರೀ ಹಿಟ್ಟಿನ ಕೈ ತೊಳೆದುಕೊಂಡು ಎದುರು ಕೂತಳು. ಮುಖ ಬಿಳಿಚಿತ್ತು.

"ಹಗೆ ಅಲ್ರಿ. ನಾನ ಮಾಡೇನಿ. ನೀವು ಊಟ ಬಿಟ್ಟ ಕುಂತಿದ್ರಿ, ನೋಡಾಕ ಆಗಲಿಲ್ಲ. ನೋಟಬುಕ್ಕ ಟಿವಿ ಮ್ಯಾಲ ಇತ್ತು. ನನ್ನ ಫೋನಿನಾಗ ಹುಡುಗರ ಪಾಸ್‌ವರ್ಡ್ ಹಾಕಿ ಉತ್ತರ ಬರದೆ."

"ನಲವತ್ತೊಂದೂ ಮಂದೀದು?"

"ದಿನಾ ಮಧ್ಯಾಹ್ನ ಒಂದ ಏಳು."

"ಶಾಹಿದಗ ಮೂರ ಯಾಕ ಕೊಟ್ಟಿ?"

"ಎಲ್ಲಾರಿಗೂ ಹತ್ತಕ್ಕ ಹತ್ತ ಬಂದ್ರ ಯಾರ್ ನಂಬ್ತಾರ? ತಪ್ಪುಗೋಳನ್ನ ಎಲ್ಲಾರಿಗೂ ಹಂಚೀನ್ರಿ."

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಅವತ್ತು ಆ ಹುಡುಗನ ಕಣ್ಣೀರು ಎದುರಿಗೆ ಬಂದು ನಿಂತಿತು. ತಾನು ಮಾಡದ ತಪ್ಪಿಗೆ ಎದ್ದು ನಿಂತು ಬೈಸಿಕೊಂಡಿದ್ದ. ಮನೆಯಲ್ಲಿ ಫೋನು ನಿನ್ನ ಕೈಗೆ ಸಿಗುತ್ತದೆಯೇ ಎಂದು ಎರಡು ತಿಂಗಳಲ್ಲಿ ಒಂದು ಮಗುವನ್ನೂ ನಾನು ಕೇಳಿರಲಿಲ್ಲ. ಜಯಶ್ರೀಯನ್ನು ಬಯ್ಯಲು ಬಾಯಿ ಬರಲಿಲ್ಲ.

ಮರುದಿನ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಸಾಹೇಬರು ಎರಡು ಸಲ ಓದಿದರು, ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ಅಂಕಗಳನ್ನೆಲ್ಲ ಅಳಿಸಿದೆ. ತರಗತಿಯ ಮುಂದೆ ನಿಂತು, "ತಪ್ಪ ನಂದಪಾ ಶಾಹಿದ," ಎಂದೆ. ಅವನು ತಲೆ ತಗ್ಗಿಸಿ ನಕ್ಕ. ಶಾಲೆಯ ಕಂಪ್ಯೂಟರ್ ಕೋಣೆಯ ಧೂಳು ಹೊಡೆದೆವು. ನಡೆಯುವ ಕಂಪ್ಯೂಟರು ಆರು. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು, ಸರದಿಯ ಪ್ರಕಾರ, ಜೂನಿನ ಪಾಠಗಳಿಂದಲೇ ಮತ್ತೆ ಶುರು. ಮೊದಲ ವಾರ ಬಂದವರು ಹತ್ತೊಂಬತ್ತು. ಹತ್ತೊಂಬತ್ತೂ ಖರೆ! ಶಾಹಿದನಿಗೆ ಹತ್ತಕ್ಕೆ ಏಳು ಬಂತು.

ಒಂದು ದಿನ ಜಯಶ್ರೀ ಊಟಕ್ಕೆ ಬಡಿಸುತ್ತಾ ಕೇಳಿದಳು. "ನನಗೂ ಒಂದ ಪಾಸ್‌ವರ್ಡ್ ಮಾಡಿಕೊಡ್ರಿ. ನಾ ಒಂಬತ್ತನೇ ಕ್ಲಾಸ ಅರ್ಧಕ್ಕ ಬಿಟ್ಟಾಕಿ. ಇಷ್ಟ ದಿನ ಮಂದಿ ಹೆಸರ್ಲೆ ಕಲತೆ. ಇನ್ನ ನನ್ನ ಹೆಸರ್ಲೆ ಕಲೀತೇನಿ."

ನರ್ಗೀಸ ಮೇಡಂ ನಕ್ಕು ಒಪ್ಪಿದರು. ಶನಿವಾರ ಅವಳ ಉತ್ತರ ಬಂತು: ಹತ್ತಕ್ಕೆ ಒಂಬತ್ತು. ಕೆಳಗೆ ಒಂದು ಸಾಲು: "ನಾಲ್ಕನೇ ಲೆಕ್ಕಕ್ಕೆ ಸರ್ ಕೊಟ್ಟ ಉತ್ತರ ತಪ್ಪು. ಮೈನಸ್ ಬರಬೇಕು."

ಲೆಕ್ಕ ಮಾಡಿ ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಮಾಡಿದೆ. ಮೈನಸ್ಸೇ!

"ಜೂನದಾಗ ಇದನ್ನ ನಲವತ್ತೊಂದ ಸಲ ನೋಡೀಯಲ್ಲ ಮಾರಾಯ್ತಿ, ಅವಾಗ ಯಾಕ ಹೇಳಲಿಲ್ಲ?"

"ಅವಾಗ ನಾ ಹುಡುಗರಾಗಿದ್ನಲ್ರಿ! ಮಾಸ್ತರ ತಪ್ಪ ಹುಡುಗರು ಹೆಂಗ ಹೇಳ್ತಾವ?"